ಹಳೇ ಲಾರಿ ಕೊಳ್ಳುವ ಮುಂಚೆ

ಲಾರಿ ಓಡಿಸುವವರಿಗೆ ಒಂದು ಆಸೆ ಇದ್ದೇ ಇರುತ್ತದೆ. “ಎಷ್ಟು ದಿನ ಬೇರೆಯವರ ಗಾಡಿ ಓಡಿಸೋದು? ನಮ್ಮದೇ ಒಂದು ಲಾರಿ ಇರಬೇಕು.” ಈ ಆಸೆ ತಪ್ಪಲ್ಲ. ದುಡಿಯುವ ಕೈಗೆ ಸ್ವಂತದ್ದು ಒಂದು ಬೇಕು ಅನಿಸುವುದು ಸಹಜ.

ಮೈಸೂರಿನಲ್ಲಿ ಲಾರಿಗೆ ಕೆಲಸವೂ ಇದೆ. ಬಂಡಿಪಾಳ್ಯದ ಎಪಿಎಂಸಿ ಮಾರುಕಟ್ಟೆಗೆ ತರಕಾರಿ, ಅಕ್ಕಿ, ಕಾಳು ಬರುತ್ತವೆ. ಅಲ್ಲಿಂದ ಬೇರೆ ಊರಿಗೆ ಹೋಗುತ್ತವೆ. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕಡಕೊಳ, ನಂಜನಗೂಡಿನ ಕಾರ್ಖಾನೆಗಳಿಗೆ ಸಾಮಾನು ಬರುತ್ತದೆ, ಹೋಗುತ್ತದೆ. ಇದನ್ನೆಲ್ಲ ಸಾಗಿಸಲು ಲಾರಿ ಬೇಕೇ ಬೇಕು.

ಹೊಸ ಲಾರಿಯ ಬೆಲೆ ಬಹಳ. ಅದಕ್ಕೇ ಡ್ರೈವರುಗಳು ಹಳೇ ಲಾರಿ ಹುಡುಕುತ್ತಾರೆ. ಕೈಯಲ್ಲಿ ಸ್ವಲ್ಪ ಹಣ, ಉಳಿದದ್ದು ಸಾಲ. ಆ ಸ್ವಲ್ಪ ಹಣ ಎಲ್ಲಿಂದ ಬರುತ್ತದೆ? ಹೆಂಡತಿಯ ಒಡವೆ ಅಡವಿಗೆ ಹೋಗುತ್ತದೆ. ಸಂಘದಲ್ಲಿ ಅವಳ ಹೆಸರಲ್ಲಿ ಸಾಲ ತೆಗೆಯುತ್ತಾರೆ. ಫೈನಾನ್ಸಿನವರು “ಮನೆಯವರ ಸಹಿ ಬೇಕು” ಅನ್ನುತ್ತಾರೆ. ಹಾಗಾಗಿ ಲಾರಿ ವಿಷಯ ಗಂಡಸರದ್ದು ಎಂದು ನಾವು ಸುಮ್ಮನೆ ಕೂರುವ ಹಾಗಿಲ್ಲ. ಸಹಿ ಮಾಡುವವರು ನಾವಾದರೆ, ಓದಿ ನೋಡಬೇಕಾದವರೂ ನಾವೇ.

ಹಳೇ ಲಾರಿ ಕೊಳ್ಳುವಾಗ ಮೂರನ್ನು ಓದಬೇಕು. ಒಂದು, ಲಾರಿಯ ಕಾಗದ. ಎರಡು, ಲಾರಿಯ ಮೈ. ಮೂರು, ಲಾರಿಯ ಲೆಕ್ಕ. ಒಂದೊಂದಾಗಿ ನೋಡೋಣ.

ಕಾಗದ ಓದೋಣ

ಮೊದಲ ಕಾಗದ ಆರ್‌ಸಿ. ಇದನ್ನು ನೋಂದಣಿ ಪತ್ರ ಎನ್ನುತ್ತಾರೆ. ಮನೆಗೆ ಹಕ್ಕುಪತ್ರ ಹೇಗೋ ಲಾರಿಗೆ ಆರ್‌ಸಿ ಹಾಗೆ. ಲಾರಿ ಯಾರ ಹೆಸರಲ್ಲಿದೆ, ಯಾವ ವರ್ಷದ್ದು, ಎಷ್ಟು ತೂಕ ಹೊರಬಹುದು ಎಂಬುದೆಲ್ಲ ಇದರಲ್ಲಿರುತ್ತದೆ. ಮೈಸೂರು ಪಶ್ಚಿಮ ಆರ್‌ಟಿಒ ಕಚೇರಿಯ ಗಾಡಿಗಳ ನಂಬರು ಕೆಎ 09 ಎಂದು ಶುರುವಾಗುತ್ತದೆ. ಮೈಸೂರು ಪೂರ್ವದ್ದು ಕೆಎ 55.

ಮಾರಲು ಬಂದವರ ಹೆಸರು ಆರ್‌ಸಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಅವರು ಮಾಲೀಕರಲ್ಲ. ಆಗ ಆರ್‌ಸಿಯಲ್ಲಿ ಹೆಸರು ಇರುವವರನ್ನೇ ಕಾಣಬೇಕು.

ಆರ್‌ಸಿಯಲ್ಲಿ ಯಾವುದಾದರೂ ಬ್ಯಾಂಕಿನ ಹೆಸರೋ ಫೈನಾನ್ಸಿನ ಹೆಸರೋ ಇದೆಯೇ? ಇದ್ದರೆ ಆ ಲಾರಿಯ ಮೇಲೆ ಸಾಲ ಇದೆ ಎಂದು ಅರ್ಥ. ಸಾಲ ತೀರಿದ್ದರೂ ಕೆಲವರು ಆ ಹೆಸರನ್ನು ತೆಗೆಸಿರುವುದಿಲ್ಲ. ಸಾಲ ಕೊಟ್ಟವರು ‘ಸಾಲ ತೀರಿದೆ’ ಎಂದು ಪತ್ರ ಕೊಡಬೇಕು. ಫಾರಂ 35ಕ್ಕೆ ಸಹಿ ಹಾಕಬೇಕು. ಇವೆರಡೂ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಕೊಟ್ಟರೆ ಲಾರಿಯ ಜೊತೆಗೆ ಬೇರೆಯವರ ಸಾಲವನ್ನೂ ಕೊಂಡ ಹಾಗೆ ಆಗುತ್ತದೆ.

ಎರಡನೆಯ ಕಾಗದ ಎಫ್‌ಸಿ. ಲಾರಿ ರಸ್ತೆಯಲ್ಲಿ ಓಡಲು ಯೋಗ್ಯವಾಗಿದೆ ಎಂಬ ಪತ್ರ ಇದು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಮಾಡಿಸಬೇಕು. ಎಫ್‌ಸಿ ಮುಗಿದ ಲಾರಿ ಅಗ್ಗಕ್ಕೆ ಸಿಗುತ್ತದೆ. ಆದರೆ ಎಫ್‌ಸಿ ಮಾಡಿಸಲು ಬಣ್ಣ, ಬ್ರೇಕು, ಲೈಟು, ಬಾಡಿ ಎಲ್ಲ ಸರಿ ಮಾಡಿಸಬೇಕು. ಆ ಖರ್ಚನ್ನು ಬೆಲೆಗೆ ಸೇರಿಸಿ ನೋಡಬೇಕು.

ಮೂರನೆಯದು ಪರ್ಮಿಟ್. ಬೇರೆ ರಾಜ್ಯಕ್ಕೆ ಹೋಗಬೇಕಾದರೆ ನ್ಯಾಷನಲ್ ಪರ್ಮಿಟ್ ಮಾಡಿಸುತ್ತಾರೆ. ಆರು ಚಕ್ರದ ಮಾಮೂಲಿ ಲಾರಿಗೆ 12 ವರ್ಷ ತುಂಬಿದ ಮೇಲೆ ಈ ಪರ್ಮಿಟ್ ಸಿಗುವುದಿಲ್ಲ. ಕೇರಳಕ್ಕೆ ತರಕಾರಿ ಹೊಡೆಯಬೇಕು ಅಂತ 11 ವರ್ಷದ ಲಾರಿ ಕೊಂಡರೆ ಆ ಪರ್ಮಿಟ್ ಒಂದು ವರ್ಷ ಮಾತ್ರ. ಆಮೇಲೆ ಏನು ಮಾಡುವುದು ಎಂದು ಮೊದಲೇ ಯೋಚಿಸಬೇಕು. ಇನ್ನೊಂದು ಮಾತು. ಲಾರಿ ಕೊಂಡ ಕೂಡಲೇ ಪರ್ಮಿಟ್ ತಾನಾಗಿ ನಮ್ಮದಾಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ ಹಾಕಬೇಕು.

ನಾಲ್ಕನೆಯದು ಇನ್ಶೂರೆನ್ಸ್. ಐದನೆಯದು ತೆರಿಗೆ ಕಟ್ಟಿದ ರಸೀತಿ. ಹಿಂದಿನವರು ತೆರಿಗೆ ಬಾಕಿ ಇಟ್ಟಿದ್ದರೆ, ದಂಡ ಕಟ್ಟದೆ ಬಿಟ್ಟಿದ್ದರೆ ಅದು ಗಾಡಿಯ ಜೊತೆಗೇ ಬರುತ್ತದೆ. ಈಗ ಮೊಬೈಲಿನಲ್ಲಿ ಎಂಪರಿವಾಹನ್ ಎಂಬ ಆ್ಯಪ್ ಇದೆ. ಗಾಡಿ ನಂಬರು ಹಾಕಿದರೆ ಎಫ್‌ಸಿ, ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ ಎಂದು ತೋರಿಸುತ್ತದೆ. ಮನೆಯ ಮಕ್ಕಳ ಕೈಲಿ ನೋಡಿಸಿ. ಆರ್‌ಟಿಒ ಕಚೇರಿಗೂ ಹೋಗಿ ಒಮ್ಮೆ ವಿಚಾರಿಸಿ.

ಹೆಸರು ಬದಲಾಯಿಸುವುದು

ಲಾರಿ ಮನೆ ಮುಂದೆ ಬಂದು ನಿಂತರೆ ಸಾಲದು. ಆರ್‌ಸಿಯಲ್ಲಿ ಹೆಸರು ಬದಲಾಗಬೇಕು. ಇದಕ್ಕೆ ಫಾರಂ 29 ಮತ್ತು ಫಾರಂ 30 ಎಂಬ ಎರಡು ಅರ್ಜಿಗಳಿವೆ. ಗಾಡಿ ಮಾರಿದ್ದನ್ನು ಮಾರಿದವರು 14 ದಿನದ ಒಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದ ಒಳಗೆ ತಿಳಿಸಬೇಕು. ಇನ್ಶೂರೆನ್ಸನ್ನು ನಮ್ಮ ಹೆಸರಿಗೆ ಮಾಡಿಸಲು 14 ದಿನದ ಒಳಗೆ ಅರ್ಜಿ ಕೊಡಬೇಕು.

ಕೆಲವರು ಮಾರುವವರಿಂದ ಫಾರಂಗೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಾರೆ. “ಆಮೇಲೆ ಮಾಡಿಸಿದರಾಯ್ತು” ಅನ್ನುತ್ತಾರೆ. ವರ್ಷಗಟ್ಟಲೆ ಲಾರಿ ಹಳಬರ ಹೆಸರಲ್ಲೇ ಓಡುತ್ತದೆ. ಇದು ಎರಡೂ ಕಡೆಯವರಿಗೆ ಕೆಡುಕು. ಮಾರಿದವರು ತೀರಿಕೊಂಡರೆ ಅವರ ವಾರಸುದಾರರ ಹಿಂದೆ ಓಡಾಡಬೇಕು. ಮಾರಿದವರ ಸಾಲಕ್ಕೆ ಕೋರ್ಟಿನಿಂದ ಜಪ್ತಿ ಬಂದರೆ ಕಾಗದದಲ್ಲಿ ಲಾರಿ ಇನ್ನೂ ಅವರದ್ದೇ ಆಗಿರುತ್ತದೆ.

ಮುಂದೆ ನಾವು ಲಾರಿ ಮಾರುವ ದಿನವೂ ಬರಬಹುದು. ಆಗಲೂ ಈ ಮಾತು ನೆನಪಿರಲಿ. ಲಾರಿ ಕೈಬಿಟ್ಟು ಹೋಗಿದ್ದರೂ ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಲಾರಿ ಕೈಗೆ ಬರುವ ದಿನ ಒಂದು ಪತ್ರ ಬರೆಸಿ. ಯಾವ ತಾರೀಖು, ಎಷ್ಟು ಗಂಟೆಗೆ ಲಾರಿ ನಮ್ಮ ಕೈಗೆ ಬಂತು ಎಂದು ಅದರಲ್ಲಿ ಇರಲಿ. ಇಬ್ಬರೂ ಸಹಿ ಹಾಕಿ, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಹಿಂದಿನ ದಿನ ಆ ಲಾರಿಯಿಂದ ಏನಾದರೂ ಆಗಿದ್ದರೆ ಈ ಪತ್ರ ನಮ್ಮನ್ನು ಕಾಯುತ್ತದೆ. ಹಣವನ್ನು ಬ್ಯಾಂಕಿನ ಮೂಲಕ ಕೊಡಿ. ಕೈಗೆ ಕೊಟ್ಟ ಹಣಕ್ಕೆ ಸಾಕ್ಷಿ ಸಿಗುವುದು ಕಷ್ಟ.

ಲಾರಿಯ ಮೈ ಓದೋಣ

ಲಾರಿ ನೋಡಲು ಗುರುತಿನ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ಮಾರುವವರು ತೋರಿಸಿದ ಮೆಕ್ಯಾನಿಕ್ ಬೇಡ. ನೀವೂ ಜೊತೆಗೆ ಹೋಗಿ. ಮೆಕ್ಯಾನಿಕ್ ಅಲ್ಲದವರೂ ನೋಡಬಹುದಾದ ಕೆಲವು ಗುರುತುಗಳಿವೆ.

ಚಾಸಿ ನಂಬರು: ಲಾರಿಯ ಕಬ್ಬಿಣದ ಚೌಕಟ್ಟಿನ ಮೇಲೆ ಒಂದು ನಂಬರು ಕೊರೆದಿರುತ್ತಾರೆ. ಇದರಲ್ಲಿ 17 ಅಕ್ಷರ ಮತ್ತು ಅಂಕಿ ಇರುತ್ತವೆ. ತೀರಾ ಹಳೇ ಗಾಡಿಯಲ್ಲಿ ಕಡಿಮೆ ಇರಬಹುದು. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ. ನಂಬರು ಕಾಗದದ ಮೇಲೆ ಮೂಡುತ್ತದೆ. ಅದನ್ನು ಆರ್‌ಸಿಯಲ್ಲಿ ಇರುವ ನಂಬರಿನ ಪಕ್ಕ ಇಟ್ಟು ಹೋಲಿಸಿ. ಅಕ್ಷರಗಳು ಇಂಗ್ಲಿಷಿನಲ್ಲಿ ಇರುತ್ತವೆ. ಇಂಗ್ಲಿಷ್ ಬರದಿದ್ದರೂ ಹೆದರಬೇಡಿ. ರಂಗೋಲಿಯ ಒಂದು ಎಳೆ ತಪ್ಪಿದರೆ ಗುರುತಿಸುವ ಕಣ್ಣು ನಮ್ಮದು. ಒಂದು ಅಕ್ಷರ ಬೇರೆ ಇದ್ದರೂ, ಉಜ್ಜಿ ಅಳಿಸಿದ ಹಾಗೆ ಕಂಡರೂ ಆ ಲಾರಿ ಬೇಡ. ಇಂಜಿನ್ ನಂಬರನ್ನೂ ಹೀಗೇ ಹೋಲಿಸಿ.

ಟಯರು: ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದು ಇದೆ ಅನ್ನೋಣ. ಅಂದರೆ 2019ನೇ ಇಸವಿಯ 23ನೇ ವಾರದಲ್ಲಿ ಆ ಟಯರು ತಯಾರಾಗಿದೆ. ಕಪ್ಪು ಬಣ್ಣ ಹೊಡೆದು ಹೊಳಪು ಕೊಟ್ಟರೂ ಈ ಅಂಕಿ ಸುಳ್ಳು ಹೇಳುವುದಿಲ್ಲ. ಆರು ಚಕ್ರದ ಲಾರಿಗೆ ಆರು ಟಯರು, ಒಂದು ಸ್ಟೆಪ್ನಿ. ಏಳೂ ಸವೆದಿದ್ದರೆ ಕೊಂಡ ತಿಂಗಳೇ ದೊಡ್ಡ ಖರ್ಚು ಕಾದಿರುತ್ತದೆ.

ಹೊಗೆ: ಲಾರಿ ನೋಡಲು ಬೆಳಿಗ್ಗೆ ಹೋಗಿ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮುಂಚೆಯೇ ಇಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಏನನ್ನೋ ಮುಚ್ಚುತ್ತಿರಬಹುದು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಬಿಳಿ ಹೊಗೆ ನಿಲ್ಲದೆ ಬಂದರೆ ಇಂಜಿನ್ ಒಳಗೆ ನೀರು ಹೋಗುತ್ತಿರಬಹುದು.

ಚೌಕಟ್ಟು: ಲಾರಿಯ ಕೆಳಗೆ ಬಗ್ಗಿ ನೋಡಿಸಿ. ಚಾಸಿಯಲ್ಲಿ ಬಿರುಕು, ಬೆಸುಗೆ ಹಾಕಿದ ಗುರುತು ಇದ್ದರೆ ಆ ಲಾರಿ ಮಿತಿ ಮೀರಿ ಭಾರ ಹೊತ್ತಿದೆ, ಇಲ್ಲವೇ ಅಪಘಾತ ಆಗಿದೆ. ಹೊಸ ಬಣ್ಣಕ್ಕೆ ಮರುಳಾಗಬೇಡಿ.

ಆಮೇಲೆ ಲಾರಿಯನ್ನು ರಸ್ತೆಯಲ್ಲಿ ಓಡಿಸಿ ನೋಡಬೇಕು. ಖಾಲಿ ಗಾಡಿ ಸಾಲದು. ಆದರೆ ಸ್ವಲ್ಪ ಲೋಡ್ ಹಾಕಿಸಿ ಏರು ಹತ್ತಿಸಬೇಕು. ಆಗಲೇ ಇಂಜಿನ್, ಗೇರು, ಬ್ರೇಕಿನ ನಿಜ ಗೊತ್ತಾಗುವುದು.

ಲೆಕ್ಕ ಓದೋಣ

ಲಾರಿಯ ಬೆಲೆ ಒಂದು. ಲಾರಿ ಸಾಕುವ ಖರ್ಚು ಇನ್ನೊಂದು. ಹಸು ಕೊಳ್ಳುವವರು ಮೇವಿನ ಲೆಕ್ಕ ಹಾಕುತ್ತಾರಲ್ಲ, ಹಾಗೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಸಂಸಾರ 7 ಲಕ್ಷ ರೂಪಾಯಿಗೆ ಆರು ಚಕ್ರದ ಹಳೇ ಲಾರಿ ನೋಡಿದೆ. 2 ಲಕ್ಷ ಕೈಯಿಂದ ಹಾಕುತ್ತದೆ. 5 ಲಕ್ಷ ಸಾಲ. ಮೂರು ವರ್ಷದಲ್ಲಿ, ಅಂದರೆ 36 ಕಂತಿನಲ್ಲಿ ತೀರಿಸಬೇಕು.

ಒಬ್ಬರು ಹೇಳುತ್ತಾರೆ: “ನಮ್ಮದು ವರ್ಷಕ್ಕೆ ಶೇಕಡ 12 ಬಡ್ಡಿ.” ಇನ್ನೊಬ್ಬರೂ ಹೇಳುತ್ತಾರೆ: “ನಮ್ಮದೂ ಶೇಕಡ 12.” ಎರಡೂ ಒಂದೇ ಅನಿಸುತ್ತದೆ. ಒಂದೇ ಅಲ್ಲ.

ಮೊದಲನೆಯವರು ಪೂರ್ತಿ 5 ಲಕ್ಷಕ್ಕೆ ಮೂರು ವರ್ಷವೂ ಬಡ್ಡಿ ಹಾಕುತ್ತಾರೆ. ನಾವು ಕಟ್ಟುತ್ತಾ ಬಂದ ಅಸಲನ್ನು ಕಳೆಯುವುದಿಲ್ಲ. ಇದನ್ನು ಫ್ಲಾಟ್ ಬಡ್ಡಿ ಎನ್ನುತ್ತಾರೆ. ವರ್ಷಕ್ಕೆ 60,000 ರೂಪಾಯಿ. ಮೂರು ವರ್ಷಕ್ಕೆ 1,80,000. ತಿಂಗಳ ಕಂತು 18,889 ರೂಪಾಯಿ.

ಎರಡನೆಯವರು ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುತ್ತಾರೆ. ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ. ತಿಂಗಳ ಕಂತು 16,607 ರೂಪಾಯಿ. ಒಟ್ಟು ಬಡ್ಡಿ ಸುಮಾರು 98,000.

ಬಾಯಲ್ಲಿ ಹೇಳಿದ್ದು ಒಂದೇ ಶೇಕಡ 12. ಕೈಯಿಂದ ಹೋಗುವ ಹಣದಲ್ಲಿ 82,000 ರೂಪಾಯಿ ವ್ಯತ್ಯಾಸ! ಅದಕ್ಕೇ ಸಾಲ ಕೊಡುವವರನ್ನು ಹೀಗೆ ಕೇಳಿ: “ಒಟ್ಟು ಎಷ್ಟು ಕಂತು? ಕಂತಿಗೆ ಎಷ್ಟು? ಕೊನೆಗೆ ಒಟ್ಟು ಎಷ್ಟು ಕಟ್ಟಿರುತ್ತೇವೆ? ಬರೆದು ಕೊಡಿ.” ಮೊದಲು ಬ್ಯಾಂಕಿನಲ್ಲಿ ವಿಚಾರಿಸಿ. ಆಮೇಲೆ ಬೇರೆ ಕಡೆ ಹೋಗಿ.

ಈಗ ಡೀಸೆಲ್ ಲೆಕ್ಕ. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 300 ಕಿಲೋಮೀಟರ್. ಲಾರಿ ಲೀಟರಿಗೆ 5 ಕಿಲೋಮೀಟರ್ ಕೊಟ್ಟರೆ 60 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ 5,400 ರೂಪಾಯಿ. ಇಂಜಿನ್ ಹಳತಾಗಿ ಲೀಟರಿಗೆ 4 ಕಿಲೋಮೀಟರ್ ಮಾತ್ರ ಕೊಟ್ಟರೆ 75 ಲೀಟರ್ ಬೇಕು. ಆಗ 6,750 ರೂಪಾಯಿ. ಒಂದು ಟ್ರಿಪ್ಪಿಗೆ 1,350 ರೂಪಾಯಿ ಹೆಚ್ಚು. ತಿಂಗಳಿಗೆ 12 ಟ್ರಿಪ್ ಹೊಡೆದರೆ 16,200 ರೂಪಾಯಿ. ಅಂದರೆ ಹತ್ತಿರ ಹತ್ತಿರ ಒಂದು ಕಂತಿನ ಹಣ ಹೊಗೆಯಾಗಿ ಹೋಯಿತು! 50 ಸಾವಿರ ಕಡಿಮೆಗೆ ಸಿಕ್ಕಿತು ಅಂತ ಅಂಥ ಲಾರಿ ಕೊಂಡರೆ ಆ ಲಾಭ ನಾಲ್ಕೇ ತಿಂಗಳಲ್ಲಿ ಕರಗುತ್ತದೆ.

ಲಾರಿ ಎಷ್ಟು ಕೊಡುತ್ತದೆ ಎಂದು ತಿಳಿಯುವುದು ಹೇಗೆ? ಟ್ಯಾಂಕ್ ತುಂಬಿಸಿ. ಕಿಲೋಮೀಟರ್ ಬರೆದುಕೊಳ್ಳಿ. ಓಡಿಸಿ ಬಂದು ಮತ್ತೆ ಟ್ಯಾಂಕ್ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಖರ್ಚಾಗಿದೆ. ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ.

ಇನ್ಶೂರೆನ್ಸ್ ಲೆಕ್ಕವೂ ಇದೆ. ಬೇರೆಯವರಿಗೆ ಆಗುವ ಹಾನಿಗೆ ಮಾಡಿಸುವ ವಿಮೆ ಕಡ್ಡಾಯ. ಸರಕು ಸೇರಿ 12 ಟನ್ನಿಗಿಂತ ಹೆಚ್ಚು, 20 ಟನ್ನಿನ ತನಕ ತೂಗುವ ಲಾರಿಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 35,313 ರೂಪಾಯಿ. ತಿಂಗಳಿಗೆ ಸುಮಾರು 3,000 ತೆಗೆದಿಡಬೇಕು.

ಕಂತು 16,607, ಡೀಸೆಲ್ 64,800, ಇನ್ಶೂರೆನ್ಸ್ 3,000. ಮೂರೂ ಕೂಡಿದರೆ 84,407 ರೂಪಾಯಿ. 12 ಟ್ರಿಪ್ಪಿಗೆ ಹಂಚಿದರೆ ಒಂದು ಟ್ರಿಪ್ಪಿಗೆ 7,000 ರೂಪಾಯಿಗಿಂತ ಹೆಚ್ಚು. ಟೋಲು, ಕ್ಲೀನರಿನ ಬಾಟಾ, ಹಮಾಲಿ, ತೆರಿಗೆ, ಟಯರು, ರಿಪೇರಿ ಇನ್ನೂ ಸೇರಿಲ್ಲ. ಮನೆ ಖರ್ಚೂ ಸೇರಿಲ್ಲ. ಹೋಗುವಾಗ ಲೋಡ್ ಸಿಕ್ಕಿ ಬರುವಾಗ ಖಾಲಿ ಬಂದರೆ ಬಾಡಿಗೆ ಸಾಲುವುದಿಲ್ಲ. ಅದಕ್ಕೇ ಲಾರಿ ಹುಡುಕುವ ಮುಂಚೆ ಲೋಡ್ ಹುಡುಕಬೇಕು. ಯಾವ ಮಂಡಿಯವರು ಕೊಡುತ್ತಾರೆ? ಎಷ್ಟು ಟ್ರಿಪ್? ಹಣ ಯಾವಾಗ ಕೊಡುತ್ತಾರೆ? ಇದು ಗೊತ್ತಿರಬೇಕು.

ದಾರಿಯ ಲೆಕ್ಕವೂ ಮುಖ್ಯ. ಗುಂಡ್ಲುಪೇಟೆ ದಾಟಿ ಕೇರಳಕ್ಕೆ, ಊಟಿಗೆ ಹೋಗುವ ರಸ್ತೆಗಳು ಬಂಡೀಪುರ ಕಾಡಿನ ಒಳಗೆ ಹಾದುಹೋಗುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. ಕಾಡುಪ್ರಾಣಿಗಳು ಸಾಯಬಾರದು ಎಂದು ಈ ನಿಯಮ. ಒಂಬತ್ತಕ್ಕೆ ಗೇಟು ತಪ್ಪಿದರೆ ರಾತ್ರಿಯೆಲ್ಲ ಕಾಯಬೇಕು. ತರಕಾರಿ ಬಾಡುತ್ತದೆ, ಬಾಡಿಗೆ ಇಳಿಯುತ್ತದೆ.

ಕಂತು ತುಂಬಲು ಕೆಲವರು ಹೆಚ್ಚು ಭಾರ ಹೇರುತ್ತಾರೆ. 2019ರ ತಿದ್ದುಪಡಿಯ ಪ್ರಕಾರ ಇದಕ್ಕೆ ದಂಡ 20,000 ರೂಪಾಯಿ. ಹೆಚ್ಚಾದ ಪ್ರತಿ ಟನ್ನಿಗೆ ಇನ್ನೂ 2,000. ಬ್ರೇಕ್ ಹಿಡಿಯದೆ ಹೋದರೆ ಜೀವವೇ ಹೋಗುತ್ತದೆ.

ನಮ್ಮ ಸಹಿಯ ಬೆಲೆ

“ಸುಮ್ನೆ ಒಂದು ಸಹಿ ಹಾಕಮ್ಮ” ಅನ್ನುತ್ತಾರೆ. ಸುಮ್ಮನೆ ಹಾಕುವ ಸಹಿ ಯಾವುದೂ ಇಲ್ಲ. ಜಾಮೀನು ಸಹಿ ಹಾಕಿದರೆ ಸಾಲ ತೆಗೆದವರಷ್ಟೇ ನಾವೂ ಹೊಣೆ. ಅವರು ಕಟ್ಟದಿದ್ದರೆ ನಮ್ಮನ್ನೇ ಕೇಳಬಹುದು. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ. ಸಹಿ ಹಾಕಿದ ಕಾಗದದ ಪ್ರತಿ ಕೇಳಿ ತೆಗೆದುಕೊಳ್ಳಿ.

ಕೆಲವು ಮನೆಗಳಲ್ಲಿ ಲಾರಿಯನ್ನು ಹೆಂಡತಿಯ ಹೆಸರಿಗೆ ಮಾಡಿಸುತ್ತಾರೆ. ಒಳ್ಳೆಯದೇ. ಆಸ್ತಿ ನಮ್ಮ ಹೆಸರಲ್ಲಿ ಇರುತ್ತದೆ. ಆದರೆ ಹೊಣೆಯೂ ನಮ್ಮ ಹೆಸರಲ್ಲೇ ಇರುತ್ತದೆ. ಇನ್ಶೂರೆನ್ಸ್ ಇಲ್ಲದೆ ಲಾರಿ ಓಡಿ ಯಾರಿಗಾದರೂ ಪೆಟ್ಟಾದರೆ ಪರಿಹಾರ ಮಾಲೀಕರ ಕೈಯಿಂದ ಹೋಗಬೇಕು. ಇನ್ನೊಂದು ಸೂಕ್ಷ್ಮ ಇದೆ. ಗಾಡಿ ಓಡಿಸುವ ಮಾಲೀಕರಿಗೆ 15 ಲಕ್ಷ ರೂಪಾಯಿ ಅಪಘಾತ ವಿಮೆ ಇರುತ್ತದೆ. ಅದು ಆರ್‌ಸಿಯಲ್ಲಿ ಹೆಸರು ಇರುವ, ಲೈಸೆನ್ಸ್ ಇರುವ ಮಾಲೀಕರಿಗೆ. ಆರ್‌ಸಿ ಹೆಂಡತಿಯ ಹೆಸರಲ್ಲಿ, ಲಾರಿ ಓಡಿಸುವುದು ಗಂಡ ಎಂದಾದರೆ ಅವರಿಗೆ ಡ್ರೈವರ್ ಎಂದು ಬೇರೆ ವಿಮೆ ಸೇರಿಸಬೇಕು. ಇನ್ಶೂರೆನ್ಸ್ ಮಾಡಿಸುವಾಗ ಇದನ್ನು ಕೇಳಲು ಮರೆಯಬೇಡಿ.

ಕಂತು ತಪ್ಪಿದರೆ ಕೆಲವರು ದಾರಿಯಲ್ಲೇ ಲಾರಿ ನಿಲ್ಲಿಸಿ, ಹೆದರಿಸಿ ಎಳೆದುಕೊಂಡು ಹೋಗುತ್ತಾರೆ. ಸಾಲ ವಸೂಲಿಗೆ ಗೂಂಡಾಗಳನ್ನು ಬಳಸಬಾರದು, ಕಾನೂನಿನ ದಾರಿಯಲ್ಲೇ ಹೋಗಬೇಕು ಎಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಿದೆ. ಹಾಗೆ ಆದರೆ ಪೊಲೀಸರಿಗೆ ದೂರು ಕೊಡಿ.

ಅವಸರ ಮಾಡುವವರಿಗೆ ಉತ್ತರ

ಲಾರಿ ತೋರಿಸುವ ಬ್ರೋಕರ್ ಹೀಗೆ ಹೇಳಬಹುದು:

“ಅಕ್ಕಾ, ಈ ಬೆಲೆಗೆ ಇಂಥ ಗಾಡಿ ಸಿಗಲ್ಲ. ಇವತ್ತೇ ಅಡ್ವಾನ್ಸ್ ಕೊಡಿ. ನಾಳೆ ಬೇರೆ ಪಾರ್ಟಿ ಬರ್ತಾರೆ.”

“ಬರಲಿ ಅಣ್ಣ. ನಾವು ಮೊದಲು ಆರ್‌ಸಿ ನೋಡ್ಬೇಕು.”

ಗಂಡ ಮೆಲ್ಲಗೆ ಅನ್ನಬಹುದು: “ಅವರು ಗೊತ್ತಿರೋರು ಕಣೇ.”

“ಗೊತ್ತಿರೋರಾದ್ರೆ ಕಾಗದ ತೋರಿಸೋಕೆ ಏನ್ರೀ ಕಷ್ಟ?”

ಇಷ್ಟು ಕೇಳಿದರೆ ಯಾರಿಗೂ ಅವಮಾನವಿಲ್ಲ. ಸಾಚಾ ಮಾರಾಟಗಾರರು ಕಾಗದ ತೋರಿಸುತ್ತಾರೆ. ತೋರಿಸದವರನ್ನು ಬಿಟ್ಟುಬಿಡಿ.

ಲೆಕ್ಕ ಹಾಕಿದ ಮೇಲೆ ದೊಡ್ಡ ಲಾರಿ ಆಗುವುದಿಲ್ಲ ಎಂದು ತಿಳಿಯಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ? ಆಗ ಚಿಕ್ಕ ಸರಕು ಗಾಡಿಯಿಂದ ಶುರು ಮಾಡಬಹುದು. ಸರಕು ಸೇರಿ 3,000 ಕಿಲೋ ಮೀರದ ಗಾಡಿಗೆ ಪರ್ಮಿಟ್ ಬೇಡ. 7,500 ಕಿಲೋ ಒಳಗಿನ ಗಾಡಿಗೆ ಕಾರಿನ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟು 2024ರಲ್ಲಿ ಮತ್ತೊಮ್ಮೆ ಹೇಳಿದೆ.

ಚಿಕ್ಕ ಗಾಡಿ ನಾವೂ ಓಡಿಸಬಹುದು. ಮೈಸೂರಿನ ಒಡನಾಡಿ ಸಂಸ್ಥೆಯಲ್ಲಿ ಆಶ್ರಯ ಪಡೆದ ಸೆಲ್ವಿ ಎಂಬ ಹೆಣ್ಣುಮಗಳು ಡ್ರೈವಿಂಗ್ ಕಲಿತು ಟ್ಯಾಕ್ಸಿ ಓಡಿಸಿ ಬದುಕು ಕಟ್ಟಿಕೊಂಡರು. 2015ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರವೂ ಬಂತು. ಭೋಪಾಲದ ಯೋಗಿತಾ ರಘುವಂಶಿ ಗಂಡ ತೀರಿಕೊಂಡ ಮೇಲೆ ದೊಡ್ಡ ಲಾರಿಯನ್ನೇ ಓಡಿಸಿ ಮಕ್ಕಳನ್ನು ಸಾಕಿದರು.

ನೆನಪಿಡಿ

1. ಆರ್‌ಸಿಯಲ್ಲಿ ಹೆಸರು ಇರುವವರಿಂದಲೇ ಕೊಳ್ಳಿ.
2. ಹಳೇ ಸಾಲ ತೀರಿದ ಪತ್ರ, ಫಾರಂ 35 ಕೈಗೆ ಬರಲಿ.
3. ಚಾಸಿ ನಂಬರನ್ನು ಪೆನ್ಸಿಲಿನಿಂದ ತೆಗೆದು ಹೋಲಿಸಿ.
4. 14 ದಿನದಲ್ಲಿ ಇನ್ಶೂರೆನ್ಸ್, 30 ದಿನದಲ್ಲಿ ಆರ್‌ಸಿ.
5. ಬಡ್ಡಿ ಎಷ್ಟು ಎಂದು ಕೇಳಿದರೆ ಸಾಲದು. ಒಟ್ಟು ಎಷ್ಟು ಕಟ್ಟಬೇಕು ಎಂದು ಬರೆಸಿಕೊಳ್ಳಿ.
6. ಖಾಲಿ ಕಾಗದಕ್ಕೆ ಸಹಿ ಬೇಡ.

ಮಾಡಿ ನೋಡಿ

ನಿಮ್ಮ ಬೀದಿಯಲ್ಲಿ ನಿಂತಿರುವ ಯಾವುದಾದರೂ ಲಾರಿಯ ಟಯರು ನೋಡಿ. ನಾಲ್ಕು ಅಂಕಿ ಹುಡುಕಿ. ಯಾವ ವರ್ಷದ್ದು ಎಂದು ಹೇಳಿ.

ಒಂದು ಲಾರಿ 240 ಕಿಲೋಮೀಟರ್ ಓಡಲು 60 ಲೀಟರ್ ಡೀಸೆಲ್ ಕುಡಿಯಿತು. ಲೀಟರಿಗೆ ಎಷ್ಟು ಕಿಲೋಮೀಟರ್ ಆಯಿತು? ಆ ಲಾರಿಯನ್ನು ನೀವು ಕೊಳ್ಳುತ್ತೀರಾ? ಏಕೆ? ಕಲಿಕೆ ಕೇಂದ್ರದಲ್ಲಿ ಎಲ್ಲರೂ ಕೂತು ಮಾತಾಡಿ.